ನಾಳದ ಒಳಮೈ

ಕಾವು ಕೊಡುವ ದೀಪದ ಕೆಳಗೆ ಮಲಗಿರುವ ಎರಡು ದಿನದ ಕೂಸಿನ ಎದೆಯ ನಡುಮೂಳೆಯ ಮೇಲೆ ವೈದ್ಯರು ತೋರುಬೆರಳನ್ನು ಮೃದುವಾಗಿ ಊರಿ, ಮನಸ್ಸಿನಲ್ಲಿಯೇ ಐದರವರೆಗೆ ಎಣಿಸಿ, ಬೆರಳನ್ನೆತ್ತಿ, ಬಿಳಿಚಿಕೊಂಡ ಆ ಚುಕ್ಕೆಯು ಮತ್ತೆ ಕೆಂಪೇರಲು ಎಷ್ಟು ಹೊತ್ತು ಹಿಡಿಯುವುದೆಂದು ನೋಡುತ್ತ ನಿಲ್ಲುವುದನ್ನು ಕಂಡವರು, ಅದೊಂದು ಅಭ್ಯಾಸಬಲದ ಕ್ರಿಯೆಯೆಂದು ಬಗೆದು ಮುಂದೆ ನಡೆದಿರಬಹುದು. ಮೂರು ಸೆಕೆಂಡಿನೊಳಗೆ ಕೆಂಪು ಮರಳಿತೆಂದರೆ ವೈದ್ಯರು ಮುಂದಿನ ತೊಟ್ಟಿಲಿಗೆ ಹೋಗುತ್ತಾರೆ. ನಾಲ್ಕಾಗಿ ಐದಾದರೂ ಮರಳದಿದ್ದರೆ ಆ ಕೂಸಿನ ಬಳಿಯಲ್ಲಿಯೇ ನಿಲ್ಲುತ್ತಾರೆ. ಇದೊಂದರಿಂದಲೇ ರೋಗವನ್ನು ನಿರ್ಣಯಿಸುವವರು ಯಾರೂ ಇಲ್ಲವೆಂಬುದು ನಿಜ. ಆದರೆ ಗೋಡೆಯ ತುಂಬ ಯಂತ್ರಗಳು ಮಿನುಗುವ ಕೊಠಡಿಯಲ್ಲಿಯೂ ಈ ಬೆರಳಿನ ಪರೀಕ್ಷೆಯು ತನ್ನ ಮರ್ಯಾದೆಯನ್ನು ಕಳೆದುಕೊಂಡಿಲ್ಲ. ಏಕೆಂದರೆ ಆ ಬೆರಳು ಕೇಳುತ್ತಿರುವ ಪ್ರಶ್ನೆಯು ಚರ್ಮಕ್ಕೆ ಸಂಬಂಧಿಸಿದ್ದಲ್ಲ, ಚರ್ಮದಡಿಯಲ್ಲಿ ಹೆಣೆದುಕೊಂಡಿರುವ ಲೋಮನಾಳಗಳಿಗೆ, ಅವುಗಳ ಒಳಮೈಗೆ ಹಾಸಿರುವ ಒಂದು ಪೊರೆಗೆ ಸಂಬಂಧಿಸಿದ್ದು.

ವೈದ್ಯಶಾಸ್ತ್ರವು ಸೆಪ್ಸಿಸ್ ಎಂದು ಕರೆಯುವ ವ್ಯಾಧಿಗೆ ನಂಜು ಎಂಬುದಕ್ಕಿಂತ ಒಳ್ಳೆಯ ಮಾತು ಕನ್ನಡದಲ್ಲಿ ನನಗೆ ತೋರಲಿಲ್ಲ. ಗ್ರೀಕರ ಮೂಲಪದಕ್ಕೆ ಕೊಳೆಯುವುದೆಂಬಷ್ಟೇ ಅರ್ಥ. ನಮ್ಮ ನಂಜಿಗಾದರೋ ಏರುವ ಗುಣವೂ ಉಂಟು. ಗಾಯ ನಂಜಾಯಿತು, ನಂಜು ಏರಿತು, ಮೈಗೆಲ್ಲ ಹರಡಿತು ಎಂದು ಹಳ್ಳಿಯ ಅಜ್ಜಿ ಹೇಳುವಾಗ, ಒಂದೆಡೆ ನಿಲ್ಲಬೇಕಾಗಿದ್ದ ಕೇಡಿಗೂ ಎಲ್ಲೆಡೆ ವ್ಯಾಪಿಸಿದ ಕೇಡಿಗೂ ಇರುವ ಅಂತರವನ್ನು ಆಕೆ ಅರಿತೇ ಆಡುತ್ತಾಳೆ. ಹಾಲಾಹಲವನ್ನು ಉಗುಳದೆ, ನುಂಗದೆ, ಕಂಠದಲ್ಲಿಯೇ ತಡೆದವನನ್ನು ನಂಜುಂಡನೆಂದು ಪೂಜಿಸುವ ನಾಡಿನಲ್ಲಿ ಈ ಅಂತರವನ್ನು ಬಿಡಿಸಿ ಹೇಳಬೇಕಾದ ಅಗತ್ಯವೇನೂ ಇಲ್ಲ. ಪಂಡಿತರು 2016ರಲ್ಲಿ ವಯಸ್ಕರ ಮಟ್ಟಿಗೆ ಒಪ್ಪಿಕೊಂಡ ವ್ಯಾಖ್ಯೆಯ ತಾತ್ಪರ್ಯವೂ ಇದಕ್ಕೆ ದೂರವಲ್ಲ: ಸೋಂಕನ್ನು ಎದುರಿಸಲು ಹೊರಟ ದೇಹದ ಪ್ರತಿಕ್ರಿಯೆಯೇ ಹದತಪ್ಪಿ, ತನ್ನ ಅಂಗಾಂಗಗಳನ್ನು ತಾನೇ ಕೆಡಿಸಿಕೊಳ್ಳುವ ಪ್ರಾಣಾಂತಿಕ ಸ್ಥಿತಿಯೇ ಸೆಪ್ಸಿಸ್. ವಿಚಿತ್ರವೆಂದರೆ, ಈ ವ್ಯಾಧಿಗೆ ಅತ್ಯಂತ ಸುಲಭವಾಗಿ ತುತ್ತಾಗುವ ನವಜಾತ ಶಿಶುವಿನ ಮಟ್ಟಿಗೆ ಇಂದಿಗೂ ಸರ್ವಸಮ್ಮತವಾದ ವ್ಯಾಖ್ಯೆಯಿಲ್ಲ. 2024ರಲ್ಲಿ ಮಕ್ಕಳಿಗಾಗಿ ಪ್ರಕಟವಾದ ಫೀನಿಕ್ಸ್ ಮಾನದಂಡಗಳು ಸಹ ದಿನತುಂಬದ ಶಿಶುಗಳನ್ನೂ, ಹುಟ್ಟಿದ ಆಸ್ಪತ್ರೆಯಿಂದ ಇನ್ನೂ ಮನೆಗೆ ತೆರಳದ ಕೂಸುಗಳನ್ನೂ ತಮ್ಮ ವ್ಯಾಪ್ತಿಯಿಂದ ಹೊರಗೇ ಇರಿಸಿವೆ.

ನಾಳಗಳ ಒಳಮೈಯನ್ನು ಕುರಿತ ತಿಳಿವು ಬಹಳ ತಡವಾಗಿ ಬಂದುದು. ವಿಲಿಯಂ ಹಾರ್ವೆಯು 1628ರಲ್ಲಿ ರಕ್ತವು ಹೃದಯದಿಂದ ಹೊರಟು ಹೃದಯಕ್ಕೇ ಮರಳುವುದೆಂದು ಸಾಧಿಸಿ ತೋರಿಸಿದನಾದರೂ, ಅಪಧಮನಿಯಿಂದ ಅಭಿಧಮನಿಗೆ ಅದು ದಾಟುವ ಸೇತುವೆಯನ್ನು ಕಾಣದೆಯೇ ತೀರಿಹೋದನು. ಅವನು ಸತ್ತ ನಾಲ್ಕು ವರ್ಷಗಳ ಮೇಲೆ, 1661ರಲ್ಲಿ, ಇಟಲಿಯ ಮಾಲ್ಪೀಗಿಯು ಕಪ್ಪೆಯ ಶ್ವಾಸಕೋಶವನ್ನು ಸೂಕ್ಷ್ಮದರ್ಶಕದಡಿಯಲ್ಲಿಟ್ಟು ಲೋಮನಾಳಗಳನ್ನು ಕಂಡನು. ಆ ನಾಳಗಳಿಗೆ ತಮ್ಮದೇ ಆದ ಜೀವಕೋಶಗಳ ಅಸ್ತರಿ ಇದೆಯೆಂಬುದು ಖಚಿತವಾಗಲು ಮತ್ತೆರಡು ಶತಮಾನಗಳು ಬೇಕಾದುವು. ಅದಕ್ಕೆ ಎಂಡೋಥೀಲಿಯಂ ಎಂಬ ಹೆಸರನ್ನು 1865ರಲ್ಲಿ ಬಾಸೆಲ್ ನಗರದ ವಿಲ್ಹೆಲ್ಮ್ ಹಿಸ್ ಇಟ್ಟನು. ನಾನು ಇಲ್ಲಿ ಅದನ್ನು ಒಳಪೊರೆಯೆಂದು ಕರೆಯುತ್ತೇನೆ.

ಹೆಸರಿಟ್ಟ ಎರಡೇ ವರ್ಷಗಳಲ್ಲಿ, ಎಂದರೆ 1867ರಲ್ಲಿ, ಬರ್ಲಿನ್ನಿನ ಯೂಲಿಯುಸ್ ಕೋನ್‌ಹೈಮ್ ಎಂಬ ತರುಣನು ಕಪ್ಪೆಯ ಕರುಳಿನ ತೆಳುಪೊರೆಯನ್ನು ಹರಡಿ, ಉರಿಯೂತವೆಂಬುದು ಕಣ್ಣೆದುರಿಗೇ ಹುಟ್ಟುವುದನ್ನು ಗಂಟೆಗಟ್ಟಲೆ ನೋಡುತ್ತ ಕುಳಿತನು. ಮೊದಲು ನಾಳವು ಹಿಗ್ಗಿತು, ಹರಿವು ನಿಧಾನವಾಯಿತು. ನಡುಹೊಳೆಯಲ್ಲಿ ಸಾಗುತ್ತಿದ್ದ ಬಿಳಿರಕ್ತಕಣಗಳು ದಡದತ್ತ ಸರಿದು, ಉರುಳುತ್ತ, ತಡೆಯುತ್ತ, ಕಡೆಗೆ ಅಂಟಿ ನಿಂತು, ಗೋಡೆಯ ನಡುವಿನಿಂದ ನುಸುಳಿ ಹೊರಗೆ ಬಂದುವು. ಇಷ್ಟನ್ನು ಇಂದು ವಿದ್ಯಾರ್ಥಿಗಳು ಬಾಯಿಪಾಠವಾಗಿ ಬಲ್ಲರು. ಆದರೆ ಕೋನ್‌ಹೈಮ್ ಅಷ್ಟಕ್ಕೇ ನಿಲ್ಲದೆ, ಉರಿಯೂತದ ಮೂಲವು ರಕ್ತದಲ್ಲಿಯೂ ಇಲ್ಲ, ಸುತ್ತಲಿನ ಮಾಂಸದಲ್ಲಿಯೂ ಇಲ್ಲ, ನಾಳದ ಗೋಡೆಯಲ್ಲಿಯೇ ಆಗುವ ಯಾವುದೋ ಮಾರ್ಪಾಟಿನಲ್ಲಿದೆ ಎಂದು ವಾದಿಸಿದುದನ್ನು ಮಾತ್ರ ಮುಂದಿನ ನೂರು ವರ್ಷ ಯಾರೂ ಅಷ್ಟಾಗಿ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ರೋಗಾಣುಗಳ ಬೇಟೆಯ ಕಾಲ ಅದು; ಕೊಳವೆಯ ಒಳಬಳಿತಕ್ಕೆ ಯಾರು ಬೆಲೆ ಕೊಟ್ಟಾರು!

ಬೆಲೆ ಬಂದುದು ಎರಡು ದಾರಿಗಳಿಂದ. ಎರಡರಲ್ಲಿಯೂ ಅದೃಷ್ಟದ ಕೈವಾಡವುಂಟು. 1973ರಲ್ಲಿ ನ್ಯೂಯಾರ್ಕಿನ ಎರಿಕ್ ಜಾಫೆ ಮತ್ತು ಸಂಗಡಿಗರು, ಹೆರಿಗೆಯ ಅನಂತರ ಬಿಸಾಡುವ ಹೊಕ್ಕುಳಬಳ್ಳಿಯ ಅಭಿಧಮನಿಯೊಳಗಿಂದ ಒಳಪೊರೆಯ ಕೋಶಗಳನ್ನು ಬಿಡಿಸಿ ಗಾಜಿನ ತಟ್ಟೆಯಲ್ಲಿ ಬೆಳೆಸುವ ವಿಧಾನವನ್ನು ಪ್ರಕಟಿಸಿದರು. ಮನುಷ್ಯನ ರಕ್ತನಾಳದ ಬಗೆಗೆ ಜಗತ್ತು ಆಮೇಲೆ ಕಲಿತುದರಲ್ಲಿ ಬಹುಭಾಗವು ಹೀಗೆ ಆಗತಾನೆ ಹುಟ್ಟಿದ ಕೂಸುಗಳ ಕೊಡುಗೆಯೆಂಬುದನ್ನು ನೆನೆದಾಗ, ಒಣಗಿ ಉದುರಿದ ಹೊಕ್ಕುಳಿನ ತುಂಡನ್ನು ಬೆಳ್ಳಿಯ ತಾಯಿತದೊಳಗಿಟ್ಟು ಮಗುವಿನ ಸೊಂಟಕ್ಕೆ ಕಟ್ಟುತ್ತಿದ್ದ ನಮ್ಮ ಹಿರಿಯರ ಪದ್ಧತಿಯು ನನಗೆ ಅಷ್ಟೇನೂ ನಗೆಪಾಟಲಾಗಿ ತೋರುವುದಿಲ್ಲ. ಬಳ್ಳಿ ಕತ್ತರಿಸಿದ ಹಸಿಗಾಯಕ್ಕೆ ಸಗಣಿಯನ್ನೋ ಬೂದಿಯನ್ನೋ ಮೆತ್ತುತ್ತಿದ್ದ ಪದ್ಧತಿಯ ಮಾತು ಬೇರೆ, ಅದು ನಂಜಿಗೆ ಬಾಗಿಲು ತೆರೆದಿಟ್ಟಂತೆ.

ಎರಡನೆಯದು ಬ್ರೂಕ್ಲಿನ್ನಿನ ರಾಬರ್ಟ್ ಫರ್ಚ್‌ಗಾಟ್‌ನ ಪ್ರಯೋಗಶಾಲೆಯಲ್ಲಿ ಘಟಿಸಿದುದು. ಮೊಲದ ಮಹಾಪಧಮನಿಯ ಪಟ್ಟಿಗೆ ಅಸಿಟೈಲ್‌ಕೋಲೀನ್ ಹಾಕಿದರೆ ಅದು ಸೆಡೆತುಕೊಳ್ಳುತ್ತದೆಂದು ಇಪ್ಪತ್ತೈದು ವರ್ಷಗಳಿಂದ ನಂಬಿದ್ದ ಅವನು, 1978ರಲ್ಲಿ ಸಹಾಯಕನೊಬ್ಬನು ಪ್ರಯೋಗದ ಕ್ರಮದಲ್ಲಿ ಮಾಡಿದ ಒಂದು ತಪ್ಪಿನಿಂದಾಗಿ, ಅದೇ ಜಾತಿಯ ಔಷಧಕ್ಕೆ ನಾಳವು ಸಡಿಲಗೊಳ್ಳುವುದನ್ನು ಕಂಡನು. ಕಾರಣವನ್ನು ಹುಡುಕುತ್ತ ಹೋದಾಗ, ಪಟ್ಟಿಯನ್ನು ಸಿದ್ಧಪಡಿಸುವಾಗ ಇಷ್ಟು ವರ್ಷ ತಾನು ಅರಿಯದೆಯೇ ಅದರ ಒಳಮೈಯನ್ನು ಉಜ್ಜಿ ಒಳಪೊರೆಯನ್ನು ಕೆರೆದುಹಾಕುತ್ತಿದ್ದೆನೆಂಬ ಸತ್ಯವು ಹೊರಬಿದ್ದಿತು. ಪೊರೆ ಇದ್ದರೆ ನಾಳ ಸಡಿಲುತ್ತದೆ, ಇಲ್ಲದಿದ್ದರೆ ಬಿಗಿಯುತ್ತದೆ. ಪೊರೆಯು ಸ್ನಾಯುವಿಗೆ ಕಳುಹಿಸುವ ಸಂದೇಶವು ನೈಟ್ರಿಕ್ ಆಕ್ಸೈಡ್ ಎಂಬ ಕ್ಷಣಜೀವಿಯಾದ ಅನಿಲವೆಂದು 1987ರ ವೇಳೆಗೆ ಸಿದ್ಧವಾಯಿತು. 1998ರ ನೊಬೆಲ್ ಬಹುಮಾನವು ಫರ್ಚ್‌ಗಾಟ್, ಇಗ್ನಾರೊ, ಮುರಾದ್ ಈ ಮೂವರಿಗೆ ಸಂದಿತು. ತನ್ನ ತಪ್ಪನ್ನು ಇಷ್ಟು ಫಲವತ್ತಾಗಿ ಒಪ್ಪಿಕೊಂಡ ವಿಜ್ಞಾನಿಗಳು ವಿರಳ.

ಹಾಗಾದರೆ ಈ ಪೊರೆಯ ಉದ್ಯೋಗವೇನು? ಹಳೆಯ ಮೈಸೂರಿನ ಸೀಮೆಯಲ್ಲಿ ಕೆರೆಯ ಕೆಳಗಣ ಗದ್ದೆಗಳನ್ನು ಬಲ್ಲವರಿಗೆ ನೀರಗಂಟಿಯೆಂಬವನ ಪರಿಚಯವಿರುತ್ತದೆ. ತೂಬನ್ನು ಯಾವಾಗ ಎತ್ತಬೇಕು, ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಹಾಯಬೇಕು, ಕಾಲುವೆಯ ಬದು ಎಲ್ಲಿ ಜಿನುಗುತ್ತಿದೆ, ಎಲ್ಲಿ ಮಣ್ಣು ಮೆತ್ತಬೇಕು ಎಂಬುದೆಲ್ಲ ಅವನ ಹೊಣೆ. ಒಳಪೊರೆಯ ಒಂದೊಂದು ಕೋಶವೂ ಅಂತಹ ಒಬ್ಬ ನೀರಗಂಟಿ. ಲೋಮನಾಳದಲ್ಲಿ ಒಂದೇ ಕೋಶದ ದಪ್ಪವಿರುವ ಈ ಹಾಸು ನೈಟ್ರಿಕ್ ಆಕ್ಸೈಡಿನಿಂದ ನಾಳವನ್ನು ಹಿಗ್ಗಿಸುತ್ತದೆ, ಎಂಡೋಥೀಲಿನ್ ಎಂಬ ದ್ರವ್ಯದಿಂದ ಕುಗ್ಗಿಸುತ್ತದೆ. ಪಕ್ಕದ ಕೋಶಗಳೊಡನೆ ಕೈಗೆ ಕೈ ಕೋದು ನಿಂತು, ನೀರನ್ನೂ ಲವಣವನ್ನೂ ಹದವರಿತು ಬಿಟ್ಟು, ಸಸಾರಜನಕಗಳನ್ನು ರಕ್ತದೊಳಗೇ ತಡೆಯುತ್ತದೆ. ತನ್ನ ಮೈಮೇಲೆ ಸಕ್ಕರೆಯ ಎಳೆಗಳಿಂದಾದ ಗ್ಲೈಕೋಕ್ಯಾಲಿಕ್ಸ್ ಎಂಬ ನುಣುಪಾದ ಪಾಚಿಯಂತಹ ಹೊದಿಕೆಯನ್ನು ಬೆಳೆಸಿಕೊಂಡು, ರಕ್ತಕಣಗಳು ತನಗೆ ತಾಗದಂತೆ, ರಕ್ತವು ಅಕಾರಣವಾಗಿ ಹೆಪ್ಪುಗಟ್ಟದಂತೆ ನೋಡಿಕೊಳ್ಳುತ್ತದೆ. ಜೊತೆಗೆ ಆಪತ್ತಿಗೆಂದು ಕಟ್ಟಿಟ್ಟ ಬುತ್ತಿಯೂ ಉಂಟು: ವೀಬೆಲ್ ಮತ್ತು ಪಲಾಡೆ 1964ರಲ್ಲಿ ಕಂಡು ವರ್ಣಿಸಿದ ಕಡ್ಡಿಯಾಕಾರದ ಸಂಚಿಗಳಲ್ಲಿ, ಬಿಳಿಕಣಗಳನ್ನು ಹಿಡಿದು ನಿಲ್ಲಿಸುವ ಅಂಟೂ, ಪ್ಲೇಟ್‌ಲೆಟ್ ಎಂಬ ಕಿರುಬಿಲ್ಲೆಗಳನ್ನು ಕಟ್ಟಿಹಾಕುವ ಉದ್ದನೆಯ ಹಗ್ಗದಂತಹ ದ್ರವ್ಯವೂ ಸಿದ್ಧವಾಗಿರುತ್ತವೆ.

ಗಾಯವು ಸಣ್ಣದಾಗಿದ್ದಾಗ ಈ ವ್ಯವಸ್ಥೆಯನ್ನು ಮೀರಿಸುವುದು ಇನ್ನೊಂದಿಲ್ಲ. ಹೊಕ್ಕುಳ ಬಳಿಯ ಒಂದೆರಡು ನಾಳಗಳಲ್ಲಿ ತೂಬು ಎತ್ತಲ್ಪಟ್ಟು, ಬಿಳಿಕಣಗಳು ಹೊರಬಂದು, ರೋಗಾಣುಗಳನ್ನು ನುಂಗಿ, ಸುತ್ತಲೂ ಹೆಪ್ಪಿನ ಬೇಲಿ ಕಟ್ಟಿ, ಮೂರು ದಿನದಲ್ಲಿ ಎಲ್ಲವೂ ಶಾಂತವಾಗುತ್ತದೆ. ಆದರೆ ರೋಗಾಣುಗಳು ರಕ್ತದಲ್ಲಿಯೇ ಹೊಕ್ಕು ಹರಿಯತೊಡಗಿದಾಗ, ಈ-ಕೋಲೈ, ಕ್ಲೆಬ್ಸಿಯೆಲ್ಲಾ ಮೊದಲಾದ ಗ್ರಾಂ-ಋಣ ಜಾತಿಯ ಬ್ಯಾಕ್ಟೀರಿಯಗಳ ಹೊರಕವಚದ ಚೂರುಗಳಾದ ಎಂಡೋಟಾಕ್ಸಿನ್ ಎಂಬ ವಿಷವು ದೇಹದ ಮೂಲೆಮೂಲೆಯ ನಾಳಗಳನ್ನೂ ಏಕಕಾಲದಲ್ಲಿ ಮುಟ್ಟುತ್ತದೆ. ಬಿಳಿಕಣಗಳ ಮೇಲಿರುವಂತೆಯೇ ಒಳಪೊರೆಯ ಕೋಶಗಳ ಮೇಲೂ ಇರುವ ಟಾಲ್ ಜಾತಿಯ ಗ್ರಾಹಕವು ಅದನ್ನು ಗುರುತಿಸುತ್ತದೆ. ಊರಿಗೂರೇ ಒಂದೇ ರಾತ್ರಿ ಎಲ್ಲ ತೂಬುಗಳನ್ನೂ ಎತ್ತಿಬಿಟ್ಟಂತಾಗುತ್ತದೆ. ಸಕ್ಕರೆಯ ಹೊದಿಕೆ ಹರಿದು ರಕ್ತದಲ್ಲಿ ತೇಲುತ್ತದೆ. ಕೈ ಹಿಡಿದಿದ್ದ ಕೋಶಗಳು ಕೈಬಿಡುತ್ತವೆ. ನಾಳವನ್ನು ಶಾಂತವಾಗಿಡುವ ಆಂಜಿಯೋಪೊಯೆಟಿನ್-1 ಎಂಬ ಸಂದೇಶವಾಹಕವನ್ನು ಅದರ ದಾಯಾದಿಯೂ ಪೊರೆಯ ಸಂಚಿಯಿಂದಲೇ ಹೊರಬೀಳುವಂತಹುದೂ ಆದ ಆಂಜಿಯೋಪೊಯೆಟಿನ್-2 ಪಕ್ಕಕ್ಕೆ ತಳ್ಳುತ್ತದೆ. ಹೆಪ್ಪುಗಟ್ಟದಂತೆ ಕಾಯಬೇಕಾದ ಮೈಯೇ ಹೆಪ್ಪನ್ನು ಕರೆಯುತ್ತದೆ. ಸಾವಿರಾರು ಲೋಮನಾಳಗಳಲ್ಲಿ ಕಿರುಹೆಪ್ಪುಗಳು ಕಟ್ಟಿಕೊಂಡು ಕಿರುಬಿಲ್ಲೆಗಳೆಲ್ಲ ಅಲ್ಲಿಯೇ ವ್ಯಯವಾದ ಮೇಲೆ, ಬೇಕಾದ ಕಡೆ ಹೆಪ್ಪುಗಟ್ಟಲು ಸಾಮಗ್ರಿಯಿಲ್ಲದೆ ಸೂಜಿ ಚುಚ್ಚಿದ ಕಡೆಯೆಲ್ಲ ರಕ್ತ ಜಿನುಗುತ್ತದೆ. ಒಂದೇ ದೇಹದಲ್ಲಿ ಒಂದೇ ಗಳಿಗೆಯಲ್ಲಿ ಹೆಪ್ಪೂ ರಕ್ತಸ್ರಾವವೂ ಕೂಡಿ ಬರುವ ಈ ವಿರೋಧಾಭಾಸವನ್ನು ಕಂಡು ಹಿಂದಿನ ವೈದ್ಯರು ದಿಗ್ಭ್ರಾಂತರಾಗುತ್ತಿದ್ದರು. ಒಳಪೊರೆಯ ಕಡೆಯಿಂದ ನೋಡಿದರೆ ಅದರಲ್ಲಿ ವಿರೋಧವೇನೂ ಇಲ್ಲ.

ಇದಿಷ್ಟೂ ದೊಡ್ಡವರಲ್ಲಿಯೂ ನಡೆಯತಕ್ಕ ಕಥೆ. ಕೂಸಿನಲ್ಲಿ ಇದು ಬೇರೊಂದು ರೂಪವನ್ನು ತಾಳುವುದಕ್ಕೆ ಕಾರಣಗಳನ್ನು ಹುಡುಕುವಾಗ ಮೊದಲು ನೆನಪಿಡಬೇಕಾದುದು ರಕ್ತದ ಅಳತೆ. ನವಜಾತ ಶಿಶುವಿನ ಮೈಯಲ್ಲಿ ಕಿಲೋ ತೂಕಕ್ಕೆ ಸುಮಾರು 80ರಿಂದ 90 ಮಿಲಿಲೀಟರ್ ರಕ್ತವಿರುತ್ತದೆ. ಒಂದು ಕಿಲೋ ತೂಗುವ ದಿನತುಂಬದ ಶಿಶುವಿನ ಸಮಸ್ತ ರಕ್ತವೂ ನಮ್ಮ ಹೋಟೆಲುಗಳ ಒಂದು ಸಣ್ಣ ಕಾಫಿಲೋಟದಲ್ಲಿ ಹಿಡಿದೀತು. ಆ ಲೋಟದಿಂದ ನಾಲ್ಕು ಚಮಚ ನೀರು ನಾಳದ ಹೊರಗೆ ಸೋರಿಹೋದರೂ ಉಳಿದ ರಕ್ತವು ಮೆದುಳಿಗೂ ಮೂತ್ರಪಿಂಡಕ್ಕೂ ಸಾಲದಾಗುತ್ತದೆ. ಸೋರಿದ ನೀರಾದರೋ ದೇಹವನ್ನು ಬಿಟ್ಟು ಎಲ್ಲಿಗೂ ಹೋಗಿರುವುದಿಲ್ಲ. ಚರ್ಮದಡಿಯಲ್ಲಿ, ಶ್ವಾಸಕೋಶದಲ್ಲಿ, ಹೊಟ್ಟೆಯಲ್ಲಿ ನಿಂತಿರುತ್ತದೆ. ಸಾಯುವಷ್ಟು ಬಳಲಿದ ಮಗುವಿನ ತೂಕವು ತಕ್ಕಡಿಯಲ್ಲಿ ಏರುತ್ತಿರುವುದನ್ನೂ, ಊದಿದ ಕೆನ್ನೆಗಳನ್ನು ಕಂಡು ಅಜ್ಜಿಯು ಮೈ ತುಂಬಿಕೊಂಡಿತೆಂದು ಹಿಗ್ಗುವುದನ್ನೂ ಕಾಣುವ ವೈದ್ಯರಿಗೆ, ಅದು ಕೆರೆ ಬತ್ತಿ ಗದ್ದೆ ಮುಳುಗಿದ ಸ್ಥಿತಿಯೆಂದು ತಿಳಿದಿರುತ್ತದೆ.

ಕೂಸಿನ ಕಾವಲು ಪಡೆಯೂ ಚಿಕ್ಕದು. ಎಲುಬಿನ ಮಜ್ಜೆಯಲ್ಲಿ ನ್ಯೂಟ್ರೋಫಿಲ್ ಎಂಬ ಬಿಳಿಕಣಗಳ ದಾಸ್ತಾನು ಬೇಗ ಬರಿದಾಗುತ್ತದೆ; ಇರುವ ಕಣಗಳಿಗೂ ನಾಳದ ಗೋಡೆಯನ್ನು ಹಿಡಿದುಕೊಳ್ಳುವ ಬಲ ಸಾಲದು, ದಿನತುಂಬದವರಲ್ಲಿ ಗೋಡೆಯೇ ತನ್ನ ಅಂಟನ್ನು ಸಾಕಷ್ಟು ಹೊರಚಾಚುವುದಿಲ್ಲ. ತಾಯಿಯಿಂದ ಬರಬೇಕಾದ ಪ್ರತಿಕಾಯಗಳು ಬಸಿರಿನ ಕೊನೆಯ ಮೂರು ತಿಂಗಳಲ್ಲಿಯೇ ಹೆಚ್ಚಾಗಿ ದಾಟುವುದರಿಂದ, ಏಳನೆಯ ತಿಂಗಳಿಗೆ ಹುಟ್ಟಿದ ಮಗು ಆ ಬಳುವಳಿಯ ಬಹುಭಾಗವಿಲ್ಲದೆಯೇ ಲೋಕಕ್ಕೆ ಬಂದಿರುತ್ತದೆ. ಒಳಪೊರೆಯ ಮೇಲೆ ನಿಂತು ಹೆಪ್ಪನ್ನು ತಡೆಯುವ ಪ್ರೊಟೀನ್-ಸಿ ಎಂಬ ದ್ರವ್ಯವು ಪೂರ್ಣ ದಿನ ತುಂಬಿ ಹುಟ್ಟಿದ ಶಿಶುವಿನಲ್ಲಿಯೂ ದೊಡ್ಡವರ ಅರ್ಧದಷ್ಟಿರುವುದಿಲ್ಲ. ಆರೋಗ್ಯವಂತ ಕೂಸಿಗೆ ಇಷ್ಟೇ ಸಾಕು. ನಂಜೇರಿದ ದಿನ ಸಾಲದು.

ಎಲ್ಲಕ್ಕಿಂತ ಸೋಜಿಗವಾದ ವಿಷಯವು ಶ್ವಾಸಕೋಶದ ನಾಳಗಳದು. ಗರ್ಭದಲ್ಲಿರುವಷ್ಟು ಕಾಲವೂ ಶಿಶುವಿಗೆ ಉಸಿರಾಟವಿಲ್ಲವಾದುದರಿಂದ ಆ ನಾಳಗಳು ಬಿಗಿದುಕೊಂಡಿದ್ದು, ರಕ್ತವು ಡಕ್ಟಸ್ ಎಂಬ ಅಡ್ಡಗಾಲುವೆಯ ಮೂಲಕ ಶ್ವಾಸಕೋಶವನ್ನು ಬಳಸಿಕೊಂಡು ಹೋಗುತ್ತಿರುತ್ತದೆ. ಮೊದಲ ಅಳುವಿನೊಡನೆ ಗಾಳಿ ತುಂಬಿ, ಒಳಪೊರೆಯು ನೈಟ್ರಿಕ್ ಆಕ್ಸೈಡನ್ನು ಸುರಿಸಿ, ಬಿಗಿದ ನಾಳಗಳೆಲ್ಲ ಸಡಿಲಿ, ರಕ್ತವು ಹೊಸ ದಾರಿಯನ್ನು ಹಿಡಿಯುತ್ತದೆ. ಮನುಷ್ಯನ ಆಯುಷ್ಯದಲ್ಲಿ ಒಂದೇ ಸಲ ಘಟಿಸುವ ಈ ಪರಿವರ್ತನೆಯು ಗಟ್ಟಿಯಾಗಿ ನೆಲೆಗೊಳ್ಳಲು ಕೆಲವು ದಿನಗಳು ಬೇಕು. ಆ ದಿನಗಳಲ್ಲಿಯೇ ನಂಜು ಬಿದ್ದರೆ, ಶ್ವಾಸಕೋಶದಲ್ಲಿ ಎಂಡೋಥೀಲಿನ್ನೂ ಅದರಂತೆಯೇ ನಾಳವನ್ನು ಕುಗ್ಗಿಸುವ ಥ್ರಾಂಬಾಕ್ಸೇನೂ ಮೇಲುಗೈಯಾಗಿ ನಾಳಗಳು ಮರಳಿ ಬಿಗಿದುಕೊಳ್ಳುತ್ತವೆ, ಮುಚ್ಚುತ್ತಿದ್ದ ಅಡ್ಡಗಾಲುವೆ ತೆರೆದುಕೊಳ್ಳುತ್ತದೆ, ಹುಟ್ಟಿದ ಮಗುವಿನ ರಕ್ತವು ಹುಟ್ಟದ ಮಗುವಿನ ದಾರಿಯಲ್ಲಿ ಹರಿಯತೊಡಗುತ್ತದೆ. ಪಾಶ್ಚಾತ್ಯ ದೇಶಗಳಲ್ಲಿ ಹೆರಿಗೆಯ ಸಮಯದ ಸೋಂಕಿಗೆ ಹೆಸರಾದ ಬಿ ಗುಂಪಿನ ಸ್ಟ್ರೆಪ್ಟೊಕಾಕಸ್ ಈ ಹಿನ್ನಡೆಯನ್ನು ಉಂಟುಮಾಡುವುದರಲ್ಲಿ ಕುಖ್ಯಾತವಾದುದು. ದೊಡ್ಡವರ ನಂಜಿನಲ್ಲಿ ನಾಳಗಳು ಸಾಮಾನ್ಯವಾಗಿ ಹಿಗ್ಗಿ ಮೈ ಬೆಚ್ಚಗಿದ್ದರೆ, ಕೂಸುಗಳಲ್ಲಿ ಅನೇಕ ವೇಳೆ ಮೈ ತಣ್ಣಗಾಗಿ, ಚರ್ಮವು ಬಣ್ಣಗೆಟ್ಟ ಅಮೃತಶಿಲೆಯಂತಾಗುವುದುಂಟು.

ಮೆದುಳಿನ ನಾಳಗಳ ಒಳಪೊರೆಯು ಕೋಶಕೋಶದ ನಡುವಣ ಬೆಸುಗೆಯಲ್ಲಿ ಉಳಿದೆಲ್ಲಕ್ಕಿಂತ ಬಿಗಿಯಾದುದು. ಆದರೂ ಕೆ-1 ಎಂಬ ಕವಚವನ್ನು ತೊಟ್ಟ ಈ-ಕೋಲೈ ಆ ಕೋಶಗಳ ಮೈಯೊಳಗಿಂದಲೇ ತೂರಿ ಮೆದುಳ್ಪೊರೆಯ ಉರಿಯೂತವನ್ನು ತರಬಲ್ಲುದು.

ಇಷ್ಟು ತಿಳಿದ ಮೇಲೆ ಪೊರೆಗೇ ಮದ್ದು ಕೊಡೋಣವೆಂದು ಜನ ಹೊರಟುದು ಸಹಜವೇ ಆಗಿತ್ತು. ಕ್ರಿಯಾಶೀಲಗೊಳಿಸಿದ ಪ್ರೊಟೀನ್-ಸಿ ಎಂಬ ಔಷಧವು ವಯಸ್ಕರ ಸಾವನ್ನು ತಗ್ಗಿಸಿತೆಂದು 2001ರಲ್ಲಿ ಜಯಘೋಷ ಕೇಳಿತು; ಮಕ್ಕಳ ಮೇಲಿನ ಪ್ರಯೋಗವನ್ನು 2005ರಲ್ಲಿ ಪ್ರಯೋಜನವಿಲ್ಲವೆಂದು ನಡುವೆಯೇ ನಿಲ್ಲಿಸಬೇಕಾಯಿತು, ಎರಡು ತಿಂಗಳಿಗಿಂತ ಕಿರಿಯ ಕೂಸುಗಳಲ್ಲಿ ಮೆದುಳಿನ ರಕ್ತಸ್ರಾವದ ಭಯವೂ ಕಾಣಿಸಿಕೊಂಡಿತು; ವಯಸ್ಕರಲ್ಲಿ ಮತ್ತೊಮ್ಮೆ ಪರೀಕ್ಷಿಸಿದಾಗ ಮೊದಲಿನ ಲಾಭವು ಕಾಣದೆ 2011ರಲ್ಲಿ ಆ ಔಷಧವನ್ನು ಮಾರುಕಟ್ಟೆಯಿಂದಲೇ ಹಿಂತೆಗೆದುಕೊಳ್ಳಲಾಯಿತು. ಪ್ರತಿಕಾಯಗಳನ್ನು ಸೂಜಿಯ ಮೂಲಕ ತುಂಬಿ ನೋಡಿದ ಪ್ರಯೋಗವೂ ಅದೇ ವರ್ಷ, 3,493 ಶಿಶುಗಳನ್ನು ಪರೀಕ್ಷಿಸಿದ ಮೇಲೆ, ಫಲವಿಲ್ಲವೆಂಬ ಉತ್ತರವನ್ನು ಕೊಟ್ಟಿತು. ಪೊರೆಯಿಂದ ಕಳಚಿ ರಕ್ತದಲ್ಲಿ ತೇಲುವ ಚೂರುಗಳನ್ನಳೆದು ನಂಜನ್ನು ಬೇಗ ಗುರುತಿಸಬೇಕೆಂಬ ಪ್ರಯತ್ನಗಳು ನಡೆದಿವೆ. ಆದರೆ ಹುಟ್ಟಿದ ಮೊದಲ ದಿನಗಳಲ್ಲಿ ಆರೋಗ್ಯವಂತ ಕೂಸಿನಲ್ಲಿಯೂ ಇವು ಏರಿಳಿಯುವುದರಿಂದ ಯಾವುದು ಸಹಜ, ಯಾವುದು ವಿಕಾರ ಎಂದು ಗೆರೆ ಎಳೆಯುವುದು ಕಷ್ಟವಾಗಿದೆ. ಬೆಳೆಯುತ್ತಿರುವ ನಾಳಕ್ಕೆ ಬೆಳೆದ ನಾಳದ ಮದ್ದನ್ನೇ ಸಣ್ಣ ಪ್ರಮಾಣದಲ್ಲಿ ಕೊಟ್ಟರಾಯಿತೆಂಬ ಅವಸರವೇ ಈ ಸೋಲುಗಳಲ್ಲಿ ಹಲವಕ್ಕೆ ಮೂಲವೆಂದು ನನಗೆ ತೋರುತ್ತದೆ.

ನಮ್ಮ ದೇಶದಲ್ಲಿ ಈ ವಿಚಾರಕ್ಕೆ ವಿಶೇಷವಾದ ತೀಕ್ಷ್ಣತೆಯುಂಟು. 2011ರಿಂದ 2014ರವರೆಗೆ ದೆಹಲಿಯ ಮೂರು ದೊಡ್ಡ ಆಸ್ಪತ್ರೆಗಳಲ್ಲಿ ಹುಟ್ಟಿ, ತೀವ್ರನಿಗಾ ಘಟಕಕ್ಕೆ ಸೇರಿದ 13,530 ಶಿಶುಗಳನ್ನು ಅನುಸರಿಸಿ ನೋಡಿದ ಅಧ್ಯಯನದಲ್ಲಿ, ನೂರಕ್ಕೆ 14.3ರಷ್ಟು ಕೂಸುಗಳಿಗೆ ನಂಜು ತಗಲಿತ್ತು. ಹೆಚ್ಚಿನವು ಮೊದಲ ಮೂರು ದಿನಗಳೊಳಗೇ ಕಾಣಿಸಿಕೊಂಡಿದ್ದುವು. ಮುಖ್ಯ ರೋಗಾಣುಗಳು ಅಸಿನೆಟೊಬ್ಯಾಕ್ಟರ್, ಕ್ಲೆಬ್ಸಿಯೆಲ್ಲಾ, ಈ-ಕೋಲೈ. ಮೂರೂ ಗ್ರಾಂ-ಋಣ ಜಾತಿಯವು, ಮೂರರಲ್ಲಿಯೂ ಹಲವು ಔಷಧಗಳಿಗೆ ಬಗ್ಗದ ತಳಿಗಳು ಹೇರಳ. ಎಂದರೆ, ಒಳಪೊರೆಯನ್ನು ಕೆರಳಿಸುವ ವಿಷ ಹೊತ್ತ ಜೀವಿಗಳೇ ಇಲ್ಲಿ ಮುಂಚೂಣಿಯಲ್ಲಿವೆ. ಅವನ್ನು ಕೊಲ್ಲುವ ಅಸ್ತ್ರಗಳು ಮೊಂಡಾಗುತ್ತಿವೆ. ಇದಕ್ಕೆ ಪ್ರತಿಯಾಗಿ ನಿಲ್ಲಿಸಬಹುದಾದ ನೆನಪು ಮಹಾರಾಷ್ಟ್ರದ ಗಡಚಿರೋಲಿಯದು. ಅಲ್ಲಿ ಅಭಯ ಬಂಗ್ ಮತ್ತು ರಾಣಿ ಬಂಗ್ ದಂಪತಿಗಳು ಹಳ್ಳಿಯ ಹೆಂಗಸರಿಗೇ ತರಬೇತಿ ಕೊಟ್ಟು, ಮನೆಮನೆಯಲ್ಲಿ ಕೂಸುಗಳನ್ನು ನೋಡಿ, ಎಣಿಸಿ, ತೂಗಿ, ನಂಜಿನ ಲಕ್ಷಣ ಕಂಡೊಡನೆ ಅಲ್ಲಿಯೇ ಔಷಧ ಕೊಡುವ ಏರ್ಪಾಡನ್ನು ಮಾಡಿದಾಗ, ನವಜಾತ ಶಿಶುಗಳ ಮರಣವು ನೂರಕ್ಕೆ 62ರಷ್ಟು ಇಳಿಯಿತೆಂದು 1999ರಲ್ಲಿ ವರದಿಯಾಯಿತು. ಆ ಹೆಂಗಸರಿಗೆ ಎಂಡೋಥೀಲಿಯಂ ಎಂಬ ಪದವನ್ನು ಯಾರೂ ಹೇಳಿಕೊಟ್ಟಿರಲಾರರು. ತೂಬುಗಳೆಲ್ಲ ತೆರೆದುಕೊಳ್ಳುವ ಮುನ್ನ ಅವರು ಮನೆಯ ಬಾಗಿಲಿಗೆ ತಲುಪುತ್ತಿದ್ದರು.

ಆದುದರಿಂದ ಓದುಗರಲ್ಲಿ ಒಂದು ಮಾತು. ನಾಳದ ಒಳಮೈಯು ಕೆಡತೊಡಗಿದರೆ ಅದರ ಓಟವು ದಿನಗಳದಲ್ಲ, ಗಂಟೆಗಳದು. ತಿಂಗಳೊಳಗಿನ ಕೂಸು ನಿನ್ನೆಯವರೆಗೂ ಚೆನ್ನಾಗಿ ಹಾಲುಣ್ಣುತ್ತಿದ್ದುದು ಇಂದು ಮೊಲೆ ಹಿಡಿಯದಿದ್ದರೆ, ಅಳು ಕ್ಷೀಣವಾಗಿದ್ದರೆ, ಕೈಕಾಲು ತಣ್ಣಗಾಗಿದ್ದರೆ ಅಥವಾ ಮೈ ಸುಡುತ್ತಿದ್ದರೆ, ನಿಮಿಷಕ್ಕೆ 60 ಅಥವಾ ಅದಕ್ಕೂ ಮೀರಿ ಉಸಿರಾಡುತ್ತಿದ್ದರೆ, ಎತ್ತಿಕೊಂಡಾಗ ಜೋತುಬೀಳುವಂತಿದ್ದರೆ, ದೃಷ್ಟಿಯಾಯಿತೆಂದು ಉಪ್ಪು ಮೆಣಸಿನಕಾಯಿ ನಿವಾಳಿಸುತ್ತ ಕೂರಬೇಡಿ, ಬೆಳಗಾಗಲೆಂದೂ ಕಾಯಬೇಡಿ. ಎದೆಗವುಚಿಕೊಂಡು, ಬೆಚ್ಚಗೆ ಹೊದಿಸಿ, ಆ ರಾತ್ರಿಯೇ ಆಸ್ಪತ್ರೆಗೆ ಹೊರಡಿ.